ಜಿರಲೆಯನ್ನೂ ಸಾಕುವರುಂಟೇ?

ಜಿರಲೆಯೆಂದೊಡನೆ ಪೊರಕೆಗಾಗಿ ಕೈನೀಡುವುದು ನಮ್ಮ ಗೃಹಿಣಿಯರ ವಾಡಿಕೆ. ಅದನ್ನು ಹಣಕೊಟ್ಟು ತರಿಸಿ, ಪೆಟ್ಟಿಗೆಯಲ್ಲಿಟ್ಟು, ಕ್ಯಾರೆಟ್ ತಿನ್ನಿಸಿ ವಂಶಾಭಿವೃದ್ಧಿ ಮಾಡಿಸುವವರೂ ಉಂಟೆಂದರೆ ವಾಚಕರು ನಗಬಹುದು. ನಾವೂ ನಕ್ಕವರೇ. ಭದ್ರಾವತಿಯ ಬಂಧುಗಳ ಮನೆಗೆ ಹೋದಾಗ ಆ ನಗೆ ನಿಂತಿತು.

ಆ ಮನೆಯ ಹುಡುಗನು ಬೆಂಗಳೂರಿನಿಂದ ಓತಿಯೊಂದನ್ನು ತಂದಿದ್ದನು. ಇದು ನಮ್ಮ ಬೇಲಿಯ ಓತಿಕ್ಯಾತವಲ್ಲ. ಆಸ್ಟ್ರೇಲಿಯಾದ ಒಣನಾಡಿನ ಜಾತಿ; ಸಿಟ್ಟು ಬಂದರೆ ಮುಳ್ಳುಮುಳ್ಳಾದ ಗಂಟಲನ್ನು ಉಬ್ಬಿಸಿ ಕಪ್ಪಾಗಿಸುವುದರಿಂದ ಇದಕ್ಕೆ ಬಿಯರ್ಡೆಡ್ ಡ್ರಾಗನ್ ಎಂದು ಹೆಸರು. ಗಡ್ಡದ ಓತಿಯೆಂದು ನಾವು ಕರೆಯೋಣ. ಬೆಳೆದ ಮೇಲೆ ಸೊಪ್ಪುಸದೆಯನ್ನೇ ಹೆಚ್ಚಾಗಿ ತಿನ್ನುವ ಈ ಪ್ರಾಣಿಗೆ ಎಳೆತನದಲ್ಲಿ ಹುಳುವೇ ಮುಖ್ಯಾಹಾರ. ಹುಡುಗನು ರಾತ್ರಿ ಬಚ್ಚಲಿನಲ್ಲಿ ಜಿರಲೆಗಳನ್ನು ಹಿಡಿದು ಅದಕ್ಕೆ ಹಾಕುತ್ತಿದ್ದನು. ಅತ್ತ ಅಜ್ಜಿಯವರು ಅದೇ ಬಚ್ಚಲಿನ ಹೊಸ್ತಿಲಿಗೆ ವಿಷದ ಸೀಮೆಸುಣ್ಣದಿಂದ ಗೆರೆ ಎಳೆಯುತ್ತಿದ್ದರು. ಇಬ್ಬರಿಗೂ ಇನ್ನೊಬ್ಬರ ಕೆಲಸ ತಿಳಿಯದು.

ಒಂದು ಬೆಳಿಗ್ಗೆ ಓತಿಯ ಹಿಂಗಾಲು ಏಳಲಿಲ್ಲ, ಬೆರಳುಗಳು ನಡುಗುತ್ತಿದ್ದವು. ಗೆರೆಯ ಸಂಗತಿ ಹೊರಬಿದ್ದಿತು. ಹುಡುಗನು ಅಜ್ಜಿಯೊಡನೆ ಮಾತು ಬಿಟ್ಟನು. “ಮೂಕಪ್ರಾಣಿಯ ಪಾಪ ನನ್ನ ತಲೆಗೆ ಬಂತಲ್ಲಪ್ಪಾ” ಎಂದು ಆ ಮುದುಕಿ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಕಡೆಗೆ ಓತಿಯನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟುಕೊಂಡು ಸುಮಾರು 20 ಕಿಲೋಮೀಟರು ದೂರದ ಶಿವಮೊಗ್ಗೆಗೆ, ಪಶುವೈದ್ಯರೊಬ್ಬರಲ್ಲಿಗೆ ಹೋದರು. ನಾವೂ ಜೊತೆಗಿದ್ದೆವು.

ವೈದ್ಯರು ಅದರ ದವಡೆಯನ್ನು ಮೆಲ್ಲನೆ ಒತ್ತಿ ನೋಡಿದರು, ಮೆತ್ತಗಿತ್ತು. ವಿಷ ತಗಲಿದ ಹುಳುವನ್ನು ತಿನ್ನಿಸುವುದು ಅಪಾಯವೇ ಸರಿ, ಆದರೆ ಈ ರೋಗ ಮೂಳೆಯದು, ಒಂದು ದಿನದಲ್ಲಿ ಬಂದದ್ದಲ್ಲ, ಎಂದರು. ಹುಳುಗಳಲ್ಲಿ ರಂಜಕ ಹೆಚ್ಚು, ಸುಣ್ಣದ ಅಂಶ ಕಡಮೆ. ಆ ಸುಣ್ಣವನ್ನು ಮೈಗೂಡಿಸಿಕೊಳ್ಳಲು ಡಿ ಜೀವಸತ್ತ್ವ ಬೇಕು. ಅದು ಸೂರ್ಯನ ಅತಿನೇರಳೆ ಕಿರಣದಿಂದ ಚರ್ಮದಲ್ಲಿ ಹುಟ್ಟತಕ್ಕದ್ದು. ಹುಡುಗನು ಓತಿಯನ್ನು ಕಿಟಕಿಯ ಗಾಜಿನ ಹಿಂದೆ ಬಿಸಿಲಿಗೆ ಇಡುತ್ತಿದ್ದನು. ಗಾಜು ಬೆಳಕನ್ನು ಬಿಡುತ್ತದೆ, ಬೇಕಾದ ಆ ಕಿರಣವನ್ನು ತಡೆಯುತ್ತದೆ. ಹುಡುಗನು ತಲೆ ತಗ್ಗಿಸಿದನು. ಅಂದು ಸಂಜೆ ಅಜ್ಜಿಯವರಿಗೆ ತಾನೇ ಕಾಫಿ ತಂದುಕೊಟ್ಟನು.

ಅತಿನೇರಳೆ ಕಿರಣದ ದೀಪ ಬಂದಿತು, ಸುಣ್ಣದ ಪುಡಿ ಬಂದಿತು. ಶುದ್ಧವಾದ ಹುಳುವಿಗಾಗಿ ದುಬಿಯಾ ಎಂಬ ಜಿರಲೆಯೂ ಬಂದಿತು. ದಕ್ಷಿಣ ಅಮೆರಿಕದ ಈ ಜಾತಿಗೆ ನಮ್ಮ ಅಡಿಗೆಮನೆಯ ಕಳ್ಳನ ಗುಣಗಳಿಲ್ಲ. ನುಣುಪಾದ ಗೋಡೆಯನ್ನು ಹತ್ತಲಾರದು. ಗಂಡಿಗೆ ಪೂರ್ಣ ರೆಕ್ಕೆಯುಂಟು, ಹಾರಾಟ ಮಾತ್ರ ಇಲ್ಲವೆನ್ನಬಹುದು. ಹೆಣ್ಣಿಗೆ ಮೋಟು ರೆಕ್ಕೆ. ಹೆಣ್ಣು ಮೊಟ್ಟೆಯ ಚೀಲವನ್ನು ಒಡಲಲ್ಲೇ ಇರಿಸಿಕೊಂಡು ಒಂದು ಸಲಕ್ಕೆ 20ರಿಂದ 30 ಮರಿಗಳನ್ನು ಹಡೆಯುತ್ತದೆ.

ನುಣುಪು ಗೋಡೆಯ ಪ್ಲಾಸ್ಟಿಕ್ ಪೆಟ್ಟಿಗೆ, ಮುಚ್ಚಳದಲ್ಲಿ ಸಣ್ಣ ಕಣ್ಣಿನ ಲೋಹದ ಜಾಲರಿ, ಒಳಗೆ ನೆಟ್ಟಗೆ ನಿಲ್ಲಿಸಿದ ಮೊಟ್ಟೆಯ ರಟ್ಟಿನ ತಟ್ಟೆಗಳು, ಸಂಸಾರಕ್ಕೆ ಇಷ್ಟೇ. ಗೋಧಿಯ ತೌಡು, ಓಟ್ಸ್ ಒಣ ಆಹಾರ. ನೀರಿಗೆ ಬದಲು ಕ್ಯಾರೆಟ್, ಕಿತ್ತಳೆಯ ಹೋಳು. ಒಂದು ಗಂಡಿಗೆ ಮೂರು ನಾಲ್ಕು ಹೆಣ್ಣು ಸಾಕು. ಕತ್ತಲೆಯೂ ಸುಮಾರು 30 ಡಿಗ್ರಿ ಶಾಖವೂ ಇರತಕ್ಕದ್ದು. 1923ರಲ್ಲಿ ಕಬ್ಬಿಣದ ಕುಲುಮೆ ಹೊತ್ತಿದ ಊರಿನಲ್ಲಿ ಶಾಖಕ್ಕೇನು ಬಡತನವೆಂದು ಹುಡುಗನ ತಂದೆ ಪರಿಹಾಸ ಮಾಡಿದರು. ಆದರೆ ಪುಷ್ಯಮಾಸದ ರಾತ್ರಿಯಲ್ಲಿ ಪೆಟ್ಟಿಗೆಯ ಒಂದು ಬದಿಗೆ ವಿದ್ಯುತ್ತಿನ ಶಾಖದ ಹಾಸು ಬೇಕೇ ಆಯಿತು. ಚಳಿಗೆ ಅವು ಸಾಯುವುದಿಲ್ಲ, ಸಂತಾನ ನಿಲ್ಲುತ್ತದೆ.

ಮಲೆನಾಡಿನ ಅಂಚಿನಲ್ಲಿರುವ ನಮಗೆ ಚಳಿಗಿಂತ ಮಳೆಗಾಲವೇ ಶತ್ರು. ಆಷಾಢದಲ್ಲಿ ಹಣ್ಣಿನ ಹೋಳು ಒಂದೇ ದಿನಕ್ಕೆ ಬೂಷ್ಟು ಹಿಡಿಯುತ್ತದೆ, ಬೂಷ್ಟು ಇಡೀ ಹಿಂಡನ್ನೇ ಕೊಲ್ಲಬಲ್ಲದು. ಸಂಜೆ ಹಾಕಿದ್ದನ್ನು ಬೆಳಿಗ್ಗೆ ತೆಗೆಯಬೇಕು. ಕಸ ತೆಗೆಯುವಾಗ ಜರಡಿ ಹಿಡಿಯದಿದ್ದರೆ ಎಳೆಮರಿಗಳೂ ತಿಪ್ಪೆ ಸೇರುವುವು. ಮೂಗುಬಾಯಿಗೆ ಬಟ್ಟೆ ಕಟ್ಟಿಕೊಳ್ಳಬೇಕು, ಏಕೆಂದರೆ ಜಿರಲೆಯ ಹಿಕ್ಕೆಯ ಧೂಳು ಕೆಲವರಲ್ಲಿ ಉಬ್ಬಸವನ್ನು ಕೆರಳಿಸುತ್ತದೆ. ಉಬ್ಬಸದವರಿರುವ ಮನೆಗೆ ಈ ಹವ್ಯಾಸವೇ ಬೇಡ. ಓತಿಯನ್ನು ಮುಟ್ಟಿದ ಕೈಯನ್ನೂ ಸಾಬೂನಿನಿಂದ ತೊಳೆಯತಕ್ಕದ್ದು.

ಮರಿಗಳು ಬೆಳೆದು ಪ್ರಾಯಕ್ಕೆ ಬರಲು ನಾಲ್ಕಾರು ತಿಂಗಳು ಹಿಡಿಯುತ್ತದೆ. ಅಲ್ಲಿಯವರೆಗೆ ಕೈ ಹಾಕಿದರೆ ಬಿತ್ತನೆಯ ಭತ್ತವನ್ನು ಉಂಡಂತೆ. ತಿನ್ನಿಸುವ ಹಿಂದಿನ ದಿನ ಹುಳುವಿಗೆ ಸೊಪ್ಪು ತರಕಾರಿ ಕೊಟ್ಟು, ಸುಣ್ಣದ ಪುಡಿ ಸವರಬೇಕು. ಓತಿಯ ಎರಡು ಕಣ್ಣುಗಳ ನಡುವಣ ಅಂತರಕ್ಕಿಂತ ಹುಳು ದೊಡ್ಡದಾಗಿರಬಾರದು.

ಒಂದನ್ನು ಬದುಕಿಸಲು ನೂರನ್ನು ಹುಟ್ಟಿಸಿ ಕೊಲ್ಲುವುದೇ ಎಂಬ ಪ್ರಶ್ನೆಯನ್ನು ಅಜ್ಜಿಯವರು ಎತ್ತಿದರು. ನಮ್ಮಲ್ಲಿ ಉತ್ತರವಿರಲಿಲ್ಲ. ಇದನ್ನು ಸಹಿಸಲಾರದವರು ಗಿಳಿಹಸುರಿನ ಸೊಪ್ಪು ತಿನ್ನುವ ಮೊಲವನ್ನು ಸಾಕುವುದು ಮೇಲು. ಇನ್ನು ನಮ್ಮ ಕಾಡಿನ ಉಡವನ್ನಾಗಲಿ ಗೋಸುಂಬೆಯನ್ನಾಗಲಿ ಹಿಡಿದು ತರುವುದು 1972ರ ವನ್ಯಜೀವಿ ಕಾಯಿದೆಯಂತೆ ಅಪರಾಧ. ಪರದೇಶದ ಪ್ರಾಣಿಗಳಲ್ಲಿಯೂ ಆ ಕಾಯಿದೆಯ 2022ರ ತಿದ್ದುಪಡಿಯ ಪಟ್ಟಿಯಲ್ಲಿರುವುದನ್ನು ನೋಂದಾಯಿಸಬೇಕು. ಬೇಸರವಾಯಿತೆಂದು ಓತಿಯನ್ನಾಗಲಿ ಜಿರಲೆಯನ್ನಾಗಲಿ ತೋಟಕ್ಕೆ ಬಿಡಲೇಕೂಡದು.

ಕಳೆದ ಸಲ ಹೋದಾಗ ಓತಿಯು ದೀಪದ ಕೆಳಗಿನ ಕಲ್ಲನ್ನು ತಾನೇ ಹತ್ತಿತು. ಬಲಗಾಲಿನ ಸೊಟ್ಟು ಉಳಿದಿದೆ. ಅದು ಹೋಗದೆಂದು ವೈದ್ಯರು ಮೊದಲೇ ಹೇಳಿದ್ದರು. ಅಡಿಗೆಮನೆಯಲ್ಲಿ ಅಜ್ಜಿಯವರು ಹುಳಿಗೆ ಕ್ಯಾರೆಟ್ ಹೆಚ್ಚುತ್ತಾ ತುದಿಗಳನ್ನು ಬೇರೆ ಬಟ್ಟಲಿಗೆ ಹಾಕುತ್ತಿದ್ದರು.