ಅನ್ನ ಕೊಡುವವನು ಒಬ್ಬನೇ

ಗಲ್ಲಾದ ಮೇಲೆ ಕುಳಿತವನಿಗೆ ಒಂದು ಬಗೆಯ ಅಹಂಕಾರವು ತಾನಾಗಿಯೇ ಬಂದುಬಿಡುತ್ತದೆ. ಕೆಲಕಾಲ ಆ ಸ್ಥಾನದಲ್ಲಿ ಕುಳಿತವನಾದುದರಿಂದ ಇದನ್ನು ಸ್ವಾನುಭವದಿಂದಲೇ ಬರೆಯುತ್ತಿದ್ದೇನೆ. ಒಂದು ಬೆಳಿಗ್ಗೆ, ತಡವಾಗಿ ಎದ್ದು ಬಂದ ಮಾಣಿಯೊಬ್ಬನನ್ನು ಗದರಿಸುತ್ತ, “ನಿನಗೆ ಅನ್ನ ಹಾಕುವವನು ನಾನು, ನೆನಪಿರಲಿ” ಎಂದು ಗಿರಾಕಿಗಳ ಎದುರಿನಲ್ಲಿಯೇ ಹೇಳಿದೆ. ತೆಂಗಿನಕಾಯಿಯ ಲೆಕ್ಕ ಚುಕ್ತಾ ಮಾಡಿಸಿಕೊಳ್ಳಲು ಬಂದು ಕುಳಿತಿದ್ದ, ನಮ್ಮೂರ ಕಡೆಯ ಬ್ಯಾರಿಯೊಬ್ಬರು ಹುಡುಗ ಒಳಗೆ ಹೋಗುವ ತನಕ ಸುಮ್ಮನಿದ್ದರು. ಅನಂತರ ಮೆಲ್ಲನೆ ತುಳುವಿನಲ್ಲಿ, “ಧಣಿಗಳೇ, ಬೇಸರಿಸಬಾರದು. ಅನ್ನ ಕೊಡುವವನು ಒಬ್ಬನೇ. ನೀವೂ ನಾನೂ ಹೊತ್ತು ತರುವವರು ಮಾತ್ರ” ಎಂದರು.

ಆ ಕ್ಷಣದಲ್ಲಿ ಮಾತು ರುಚಿಸಲಿಲ್ಲ. ಆದರೆ ಅದು ಮನಸ್ಸನ್ನು ಬಿಟ್ಟೂ ಹೋಗಲಿಲ್ಲ. ಅವರು ಹೇಳಿದುದು ಬರಿಯ ಲೋಕಾನುಭವದ ಮಾತಲ್ಲ, ಅವರ ಧರ್ಮದ ತಾಯಿಬೇರೇ ಆಗಿತ್ತೆಂಬುದು ಮುಂದೆ ತಿಳಿಯಿತು. ಮುಸಲ್ಮಾನ ಬಂಧುಗಳ ಜೊತೆಯಲ್ಲಿ ದುಡಿಯುತ್ತ, ಒಂದೇ ಲೋಕಲ್ ಗಾಡಿಯಲ್ಲಿ ನೇತಾಡುತ್ತ ಬದುಕುವ ನಾವು ಆ ಬೇರನ್ನು ಅರಿಯದಿರುವುದು ಸರಿಯಲ್ಲ. 1992-93ರ ಗಲಭೆಗಳನ್ನು ಕಂಡ ಈ ನಗರದಲ್ಲಿ, ನೆರೆಯವನು ಅಪರಿಚಿತನಾಗಿ ಉಳಿದರೆ ಏನಾಗುತ್ತದೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

“ದೇವರು ಒಬ್ಬನೇ ಎಂದು ನಾವೂ ಹೇಳುತ್ತೇವಲ್ಲ, ಇದರಲ್ಲಿ ವಿಶೇಷವೇನು?” ಎಂದು ವಾಚಕರು ಕೇಳಬಹುದು. ಇಸ್ಲಾಮಿನಲ್ಲಿ ಈ ತತ್ತ್ವಕ್ಕೆ ‘ತೌಹೀದ್’ ಎಂದು ಹೆಸರು. ಒಂದೆಂದು ಭಾವಿಸುವುದು ಎಂದು ಅದರ ಅರ್ಥ. ಇದು ಎರಡು, ಮೂರು ಎಂದು ಮುಂದುವರಿಯಬಹುದಾದ ಎಣಿಕೆಯ ಒಂದಲ್ಲ. ಮುಸಲ್ಮಾನನ ಶ್ರದ್ಧಾವಚನವಾದ ‘ಕಲಿಮಾ’ ಆರಂಭವಾಗುವುದೇ ‘ಇಲ್ಲ’ ಎಂಬ ನಿಷೇಧದಿಂದ. ಆರಾಧನೆಗೆ ಅರ್ಹರು ಯಾರೂ ಇಲ್ಲವೆಂದು ಮೊದಲು ಅಂಗಳವನ್ನು ಗುಡಿಸಿ, ಆಮೇಲೆ ‘ಅಲ್ಲಾಹನ ಹೊರತು’ ಎಂಬುದನ್ನು ಅದು ಸೇರಿಸುತ್ತದೆ. ಅರಸ, ಧನಿಕ, ಹಣ, ಕೊನೆಗೆ ತನ್ನದೇ ಮನಸ್ಸಿನ ಆಸೆ, ಇವುಗಳಲ್ಲಿ ಯಾವುದನ್ನೂ ದೇವರ ಸ್ಥಾನದಲ್ಲಿ ಕೂರಿಸಬಾರದೆಂಬುದು ಆ ‘ಇಲ್ಲ’ದ ಅಭಿಪ್ರಾಯ. ಹಾಗೆ ಕೂರಿಸುವುದೇ ‘ಶಿರ್ಕ್’, ಅಂದರೆ ದೇವರಿಗೆ ಪಾಲುಗಾರರನ್ನು ಸೇರಿಸುವುದು. ಹೋಟೆಲು ವ್ಯವಹಾರದಲ್ಲಿ ಪಾಲುಗಾರಿಕೆ ನಮಗೆಲ್ಲ ಪರಿಚಿತವೇ. ದೇವರ ಒಡೆತನದಲ್ಲಿ ಮಾತ್ರ ಅದಕ್ಕೆ ಎಡೆಯಿಲ್ಲ.

ಪ್ರವಾದಿ ಮುಹಮ್ಮದರೂ ಅಲ್ಲಿ ಪಾಲುಗಾರರಲ್ಲ. ಅವರು ದೇವರ ದಾಸರು ಮತ್ತು ದೂತರು. 632ರಲ್ಲಿ ಅವರು ಮದೀನಾದಲ್ಲಿ ತೀರಿಕೊಂಡಾಗ ಜನರು ದಿಕ್ಕುಗಾಣದಾದರು. ಆಗ ಅಬೂಬಕರರು ಎದ್ದುನಿಂತು, ಮುಹಮ್ಮದರನ್ನು ಪೂಜಿಸುತ್ತಿದ್ದವರಿದ್ದರೆ ಅವರು ಮೃತರಾದರೆಂದು ತಿಳಿಯಲಿ, ದೇವರನ್ನು ಪೂಜಿಸುವವರು ಅವನಿಗೆ ಸಾವಿಲ್ಲವೆಂದು ತಿಳಿಯಲಿ ಎಂಬರ್ಥದ ಮಾತನ್ನಾಡಿದರೆಂದು ಇತಿಹಾಸವು ಹೇಳುತ್ತದೆ.

ಕುರಾನಿನ 112ನೆಯ ಅಧ್ಯಾಯವು ನಾಲ್ಕೇ ವಾಕ್ಯಗಳಲ್ಲಿ ಈ ತತ್ತ್ವವನ್ನು ಅಡಗಿಸಿಕೊಂಡಿದೆ. ಅದರಲ್ಲಿ ದೇವರಿಗೆ ‘ಸಮದ್’ ಎಂಬ ವಿಶೇಷಣವಿದೆ. ಎಲ್ಲರೂ ಯಾರನ್ನು ಆಶ್ರಯಿಸಿರುವರೋ, ಆದರೆ ಯಾರು ಯಾರನ್ನೂ ಆಶ್ರಯಿಸಿಲ್ಲವೋ ಅವನು ಎಂಬುದು ಆ ಶಬ್ದಕ್ಕೆ ಪಂಡಿತರು ಹೇಳುವ ಅರ್ಥ. ಉಡುಪಿಯ ಕಡೆಯ ನಮ್ಮವರಿಗೆ ಇದನ್ನು ಕೇಳಿದೊಡನೆ ಮಧ್ವಾಚಾರ್ಯರು ನೆನಪಾಗದಿರಲಾರರು. ಸ್ವತಂತ್ರನು ಹರಿಯೊಬ್ಬನೇ, ಉಳಿದುದೆಲ್ಲ ಪರತಂತ್ರ ಎಂದು ಆಚಾರ್ಯರು ಸಾರಿದರಷ್ಟೆ? ಎರಡು ಮತಗಳೂ ಒಂದೇ ಎಂದು ಇದರಿಂದ ಹೇಳುವಂತಿಲ್ಲ. ಆಚಾರ್ಯರು ಕೃಷ್ಣನ ಮೂರ್ತಿಯನ್ನು ಪ್ರತಿಷ್ಠಿಸಿದರು, ದೇವತೆಗಳಲ್ಲಿ ತಾರತಮ್ಯವನ್ನು ಹೇಳಿದರು; ಇಸ್ಲಾಮು ಮೂರ್ತಿಯನ್ನೂ ಒಪ್ಪದು, ಬೇರೆ ದೇವತೆಗಳನ್ನೂ ಒಪ್ಪದು. ಆದರೂ ಒಡೆಯನು ಒಬ್ಬನೇ, ಉಳಿದವರೆಲ್ಲ ಅವನ ಅಧೀನರು ಎಂಬಲ್ಲಿ ನೆರೆಯವನ ಮಾತು ನಮಗೆ ತೀರ ಪರಕೀಯವಲ್ಲ.

ಈ ತತ್ತ್ವದ ಮೇಲೆ ಆಳವಾದ ವಿಚಾರವು ನಮ್ಮ ಮುಂಬಯಿಯಲ್ಲಿಯೇ ನಡೆದಿತ್ತೆಂಬುದನ್ನು ಬಲ್ಲವರು ಕಡಿಮೆ. ಡಿಸೆಂಬರ್ ತಿಂಗಳ ಮಾಹೀಮ್ ಜಾತ್ರೆಯನ್ನು ವಾಚಕರಲ್ಲಿ ಅನೇಕರು ಕಂಡಿರಬಹುದು. ಅಲ್ಲಿನ ದರ್ಗಾಕ್ಕೆ ಪೊಲೀಸರೇ ಮೆರವಣಿಗೆಯಲ್ಲಿ ಬಂದು ಚಾದರ ಅರ್ಪಿಸುವ ಸಂಪ್ರದಾಯವಿದೆ. ಅಲ್ಲಿ ಮಲಗಿರುವ ಮಖ್ದೂಮ್ ಅಲಿ ಮಾಹಿಮಿಯವರು (1372-1431) ಕುರಾನಿಗೆ ಅರಬಿಯಲ್ಲಿ ವ್ಯಾಖ್ಯಾನ ಬರೆದ ಮಹಾವಿದ್ವಾಂಸರು. ಭಟ್ಕಳದಲ್ಲಿ ನಾವು ಕಾಣುವ ನವಾಯತ ಸಮುದಾಯಕ್ಕೆ ಸೇರಿದವರು. ನಿಜವಾದ ಇರವು ದೇವನೊಬ್ಬನದೇ, ಜಗತ್ತಿನದು ಅವನಿಂದ ಎರವಾಗಿ ಬಂದುದು ಎಂಬ ಇಬ್ನ್ ಅರಬಿಯವರ (1165-1240) ಪಂಥಕ್ಕೆ ಒಲಿದಿದ್ದರು. ಸರ್‌ಹಿಂದಿನ ಶೇಖ್ ಅಹಮದರು (1564-1624) ಈ ವಿಚಾರವನ್ನು ಖಂಡಿಸಿ, ಐಕ್ಯವು ಸಾಧಕನ ಅನುಭವದಲ್ಲಿ ತೋರುವುದೇ ಹೊರತು ಸೃಷ್ಟಿಕರ್ತನೂ ಸೃಷ್ಟಿಯೂ ಬೇರೆಬೇರೆಯೇ ಎಂದರು. ಅದ್ವೈತ-ದ್ವೈತಗಳ ವಾದವನ್ನು ಕೇಳಿ ಬೆಳೆದ ನಮಗೆ ಈ ಜಿಜ್ಞಾಸೆಯ ಸ್ವರೂಪವು ಸುಲಭವಾಗಿ ತಿಳಿದೀತು.

ದರ್ಗಾಗಳಲ್ಲಿ ಹರಕೆ ಹೊರುವುದು ತೌಹೀದಿಗೆ ವಿರುದ್ಧವೆಂದು ಮುಸಲ್ಮಾನರಲ್ಲಿಯೇ ಒಂದು ಪಕ್ಷ ಹೇಳುತ್ತದೆ. ಸಂತನಿಗೆ ಸಲ್ಲುವುದು ಗೌರವವೇ ಹೊರತು ಆರಾಧನೆಯಲ್ಲ, ಬೇಡಿಕೆ ದೇವರಿಗೇ ಎಂದು ಇನ್ನೊಂದು ಪಕ್ಷ ಉತ್ತರಿಸುತ್ತದೆ. ಅದನ್ನು ತೀರ್ಮಾನಿಸುವುದು ನಮ್ಮ ಕೆಲಸವಲ್ಲ. ಒಡೆಯನು ಒಬ್ಬನೇ ಎಂಬುದನ್ನು ಮಾತ್ರ ಎರಡು ಪಕ್ಷಗಳೂ ಬಿಡವು.

ಈ ತತ್ತ್ವವು ನಿತ್ಯಜೀವನಕ್ಕೆ ಇಳಿದಿರುವುದನ್ನು ಕಾಣಬೇಕಾದರೆ ಶುಕ್ರವಾರದ ಮಧ್ಯಾಹ್ನ ಮಸೀದಿಯ ಕಡೆ ನೋಡಬೇಕು. ಅಂಗಡಿಯ ಸೇಠನೂ ಕೈಗಾಡಿ ಎಳೆಯುವವನೂ ಒಂದೇ ಸಾಲಿನಲ್ಲಿ ಭುಜಕ್ಕೆ ಭುಜ ತಾಗಿಸಿ ನಿಲ್ಲುತ್ತಾರೆ. ಹೆಸರುಗಳಲ್ಲಿಯೂ ಅದೇ ಅರ್ಥವಿದೆ. ‘ರಜ್ಜಾಕ್’ ಎಂದರೆ ಜೀವನಾಧಾರವನ್ನು ಕೊಡುವವನು. ಅದು ದೇವರ ನಾಮ. ‘ಅಬ್ದುಲ್ ರಜ್ಜಾಕ್’ ಎಂದರೆ ಆ ಅನ್ನದಾತನ ದಾಸ. ನಾವು ಸಲಿಗೆಯಿಂದ ‘ರಜಾಕ್’ ಎಂದಷ್ಟೇ ಕರೆಯುವಾಗ ದಾಸನನ್ನು ಬಿಟ್ಟು ದೇವರ ಹೆಸರನ್ನೇ ಕೂಗಿರುತ್ತೇವೆ! ನಾನಾದರೋ ಅಂದು ಗಲ್ಲಾದ ಮೇಲೆ ಕುಳಿತು ಆ ಹೆಸರನ್ನು ನನಗೇ ಇಟ್ಟುಕೊಂಡಿದ್ದೆ.

ಆ ಮಾಣಿ ಎರಡು ತಿಂಗಳೊಳಗೆ ಬೇರೆ ಕಡೆ ಕೆಲಸ ಹುಡುಕಿಕೊಂಡು ಹೋದ. ತಪ್ಪಾಯಿತೆಂದು ಅವನಿಗೆ ಹೇಳಬೇಕೆಂದು ನನಗೆ ತೋರುವ ಹೊತ್ತಿಗೆ ಅವನು ಎಲ್ಲಿದ್ದಾನೆಂದು ತಿಳಿದವರಿರಲಿಲ್ಲ. ಇಂದು ಗಲ್ಲಾದ ಮೇಲೆ ಕುಳಿತಿರುವ ನಮ್ಮ ಬಂಧುಗಳಿಗೆ ಹೇಳುವುದಿಷ್ಟೇ: ಬಡಿಸುವ ಕೈ ನಮ್ಮದು, ಅನ್ನ ನಮ್ಮದಲ್ಲ. ಸಾಹೇಬನ ಗಂಟೆಯ ಸದ್ದಿಗೆ ಎದೆ ನಡುಗುವ ಗುಮಾಸ್ತ ಮಿತ್ರರೂ, ಧಣಿಯ ಹುಬ್ಬನ್ನು ನೋಡಿಕೊಂಡೇ ದಿನ ಕಳೆಯುವ ಕಾರ್ಮಿಕ ಮಿತ್ರರೂ ಕೆಲಸಕ್ಕೆ ನಿಷ್ಠೆಯನ್ನು ಕೊಡಲಿ, ಹಿರಿಯರಿಗೆ ಮರ್ಯಾದೆಯನ್ನು ಕೊಡಲಿ. ದೇವರಿಗೆ ಸಲ್ಲಬೇಕಾದ ಭಯಭಕ್ತಿಯನ್ನು ಮಾತ್ರ ಮನುಷ್ಯರಿಗೆ ಕೊಡಬೇಕಾಗಿಲ್ಲ.