ಜೋಗಿಮಟ್ಟಿ ಹತ್ತದ ಕೋಟಿ ರೂಪಾಯಿ ಕಾರು

2025ರ ದಸರಾ ರಜೆಗೆ ಬೆಂಗಳೂರಿನಿಂದ ಚಿತ್ರದುರ್ಗಕ್ಕೆ ಬಂದ ನನ್ನ ಸೋದರಳಿಯ ಮನೆಯ ಮುಂದೆ ನಿಲ್ಲಿಸಿದ ವಾಹನವನ್ನು ನೋಡಲು ಬೀದಿಯ ಮಕ್ಕಳೆಲ್ಲ ಸೇರಿದ್ದರು. ಎರಡೇ ಬಾಗಿಲು, ನೆಲಕ್ಕೆ ಅಂಟಿಕೊಂಡು ಕುಳಿತಂತಹ ಮೈಕಟ್ಟು, ಕುಂಕುಮದಂತಹ ಕೆಂಪು ಬಣ್ಣ. ಹೊಸದಾಗಿದ್ದಾಗ ಅದರ ಬೆಲೆ ಕೋಟಿ ದಾಟಿತ್ತಂತೆ. ನಾಲ್ಕು ವರ್ಷ ಓಡಿದ್ದನ್ನು ಅರ್ಧಕ್ಕಿಂತ ತುಸು ಹೆಚ್ಚು ಹಣ ಕೊಟ್ಟು, ಅದರಲ್ಲೂ ಬಹುಪಾಲು ಬ್ಯಾಂಕಿನ ಸಾಲವಾಗಿ, ಅವನು ಕೊಂಡಿದ್ದ. ತಯಾರಕರ ಹೆಸರು ಇಲ್ಲಿ ಬೇಡ. ಎಂಬತ್ತಾರು ವರ್ಷದ ನಮ್ಮ ತಂದೆ ಊರುಗೋಲು ಹಿಡಿದು ಹೊರಬಂದು, ಕಾರನ್ನು ಒಂದು ಸುತ್ತು ಹಾಕಿ ನೋಡಿ, ಕೇಳಿದ್ದು ಒಂದೇ ಪ್ರಶ್ನೆ: ‘ಜೋಗಿಮಟ್ಟಿ ಹತ್ತುತ್ತೇನಪ್ಪ?’

ಹೊರಗಿನವರಿಗೆ ಈ ಪ್ರಶ್ನೆ ವಿಚಿತ್ರವೆನಿಸಬಹುದು. ಚಿತ್ರದುರ್ಗ ನಗರದ ದಕ್ಷಿಣಕ್ಕೆ, ಆಡುಮಲ್ಲೇಶ್ವರದ ಕಿರು ಮೃಗಾಲಯದ ಕಡೆಯಿಂದ ಕಾಡಿನೊಳಗೆ ಸುತ್ತಿ ಸುತ್ತಿ ಏರುವ ರಸ್ತೆಯ ತುದಿಯಲ್ಲಿರುವುದು ಜೋಗಿಮಟ್ಟಿ. 2015ರಲ್ಲಿ ವನ್ಯಜೀವಿ ಧಾಮವೆಂದು ಘೋಷಣೆಯಾದ ಅರಣ್ಯ ಅದು. ಕರಡಿ, ಚಿರತೆಗಳ ಠಾವು. ಬಯಲುಸೀಮೆಯ ನಡುವೆ ತಣ್ಣನೆಯ ಗಾಳಿ ಬೀಸುವ ಜಾಗವೆಂದು ಜನ ಇದನ್ನು ಚಿತ್ರದುರ್ಗದ ಊಟಿ ಎಂದು ಕರೆಯುವುದುಂಟು. ನಿಜವಾದ ಊಟಿಯನ್ನು ಕಂಡವರು ಈ ಮಾತಿಗೆ ನಗಬಹುದು; ಏಪ್ರಿಲ್ ತಿಂಗಳಲ್ಲಿ ಕೋಟೆಯ ಬಂಡೆಗಳು ಕಾಯುವುದನ್ನು ಕಂಡವರು ನಗುವುದಿಲ್ಲ. ನಮ್ಮ ಮನೆಗೆ ಯಾವುದೇ ಕಾರು ಬಂದರೂ ಮೊದಲು ನಿಂಬೆಹಣ್ಣಿನ ಪೂಜೆ, ಆಮೇಲೆ ಜೋಗಿಮಟ್ಟಿಯ ಏರು. ಅದನ್ನು ತಡೆಯದೆ ಹತ್ತಿ ಇಳಿದ ಕಾರನ್ನು ಮಾತ್ರ ತಂದೆ ‘ನಂಬಬಹುದು’ ಎನ್ನುತ್ತಿದ್ದರು.

ಈ ಪದ್ಧತಿಯನ್ನು ಆರಂಭಿಸಿದವರು ನನ್ನ ಅಜ್ಜ. ಹೊಳಲ್ಕೆರೆ ಕಡೆಯ ಅಡಿಕೆ ತೋಟದವರು. ಅರವತ್ತರ ದಶಕದ ಕೊನೆಗೆ ಅವರು ಒಂದು ಅಂಬಾಸಿಡರ್ ಕೊಂಡರು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮೂರನೆಯ ಮಾದರಿಯನ್ನು ಆಧರಿಸಿ ಹಿಂದೂಸ್ತಾನ್ ಮೋಟರ್ಸ್ ಬಂಗಾಳದ ಉತ್ತರಪಾರಾದಲ್ಲಿ ತಯಾರಿಸುತ್ತಿದ್ದ ಆ ಕಾರು, ಹೊರರೂಪದಲ್ಲಿ ಹೆಚ್ಚೇನೂ ಬದಲಾಗದೆ 2014ರ ಮೇ ತಿಂಗಳವರೆಗೂ ಬದುಕಿತು. ಅಜ್ಜನಿಗೆ ಆಯ್ಕೆ ಎಂಬುದೇ ಇರಲಿಲ್ಲ. ಅಂಬಾಸಿಡರ್, ಫಿಯಟ್, ಮದ್ರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡ್, ಅಷ್ಟೇ ಅಂದಿನ ಮಾರುಕಟ್ಟೆ. ಮುಂಗಡ ಕಟ್ಟಿ ವರ್ಷಗಟ್ಟಲೆ ಕಾಯಬೇಕಿತ್ತು. ಅಡಿಕೆ ಮೂಟೆ, ಬಾಣಂತಿ, ಮದುವೆಯ ದಿಬ್ಬಣ, ಚುನಾವಣೆಯ ಧ್ವನಿವರ್ಧಕ ಎಲ್ಲವನ್ನೂ ಹೊತ್ತ ಆ ಕಾರನ್ನು ಕುರಿತು ಅಜ್ಜ ‘ಕಂಪನಿ’ ಎಂಬ ಶಬ್ದವನ್ನು ಬಳಸಿದ್ದು ನನಗೆ ನೆನಪಿಲ್ಲ. ಅವರು ಹೇಳುತ್ತಿದ್ದುದು ಹೊಳಲ್ಕೆರೆಯ ಮೇಸ್ತ್ರಿಯ ಹೆಸರನ್ನು.

ತಂದೆ ಚಿತ್ರದುರ್ಗದಲ್ಲಿ ವಕೀಲರು. 1985ರ ನವೆಂಬರಿನಲ್ಲಿ ಅವರು ತಂದ ಪ್ರೀಮಿಯರ್ ಪದ್ಮಿನಿ ಇಂದಿಗೂ ನಮ್ಮ ಷೆಡ್ಡಿನಲ್ಲಿದೆ. ಮುಂಬಯಿಯ ಕುರ್ಲಾದಲ್ಲಿ ಫಿಯಟ್ ಹೆಸರಿನಲ್ಲಿ ತಯಾರಾಗುತ್ತಿದ್ದ ಕಾರಿಗೆ 1974ರಲ್ಲಿ ಇಟ್ಟ ಹೆಸರು ಪದ್ಮಿನಿ. ಚಿತ್ತೋರಿನ ರಾಣಿಯ ಹೆಸರಿನ ಕಾರನ್ನು ಒನಕೆ ಓಬವ್ವನ ಊರಿನಲ್ಲಿ ಓಡಿಸುವುದು ಎಷ್ಟು ಸರಿ ಎಂದು ತಂದೆಯ ಗೆಳೆಯರು ಕಿಚಾಯಿಸುತ್ತಿದ್ದರು. 1089 ಸಿಸಿಯ ಎಂಜಿನ್, ಸ್ಟಿಯರಿಂಗಿನ ಬುಡದಲ್ಲಿ ಗೇರಿನ ಕಡ್ಡಿ, ಇಡೀ ವಾಹನದಲ್ಲಿ ಬುದ್ಧಿವಂತವೆನ್ನಬಹುದಾದ ಒಂದೂ ಯಂತ್ರವಿಲ್ಲ. ಬುದ್ಧಿಯೆಲ್ಲ ಓಡಿಸುವವನದೇ ಆಗಬೇಕು. ಮುಂದಿನ ಡಬ್ಬಿಯಲ್ಲಿ ತಂದೆ ಸದಾ ಇಟ್ಟುಕೊಂಡಿರುತ್ತಿದ್ದುದು ಒಂದು ಫ್ಯಾನ್ ಬೆಲ್ಟ್, ಎರಡು ಸ್ಪಾರ್ಕ್ ಪ್ಲಗ್, ಕಾಂಟ್ಯಾಕ್ಟ್ ಪಾಯಿಂಟ್ ಉಜ್ಜಲು ಒಂದು ಚೂರು ಉಪ್ಪುಕಾಗದ. ನ್ಯಾಯಾಲಯದಲ್ಲಿ ಕಡತವಿಲ್ಲದೆ ನಿಲ್ಲದವರು ರಸ್ತೆಯಲ್ಲಿ ಉಪ್ಪುಕಾಗದವಿಲ್ಲದೆ ಹೊರಡುತ್ತಿರಲಿಲ್ಲ.

1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದ ಮೇಲೆ ಈ ಲೋಕ ಬದಲಾಗತೊಡಗಿತ್ತು. ನಾನು ಕೆಲಸಕ್ಕೆ ಸೇರಿ ಕೊಂಡ ಮೊದಲ ಕಾರು ಅದೇ. ಅದರ ಬಗ್ಗೆ ಹೇಳಲು ಹೆಚ್ಚೇನೂ ಇಲ್ಲ. ಕೀಲಿ ತಿರುಗಿಸಿದರೆ ಹೊರಡುತ್ತಿತ್ತು. ಕಾರೊಂದರ ಬಗ್ಗೆ ಹೇಳಲು ಏನೂ ಇಲ್ಲದಿರುವುದೇ ಅದಕ್ಕೆ ಸಲ್ಲಬಹುದಾದ ದೊಡ್ಡ ಪ್ರಶಸ್ತಿ ಎಂಬುದು ಆಗ ಹೊಳೆಯಲಿಲ್ಲ. ಆದ್ದರಿಂದಲೇ ಉದಾರೀಕರಣದ ಅಲೆಯಲ್ಲಿ ಹೊಸ ಹೊಸ ಪರದೇಶಿ ಲಾಂಛನಗಳು ಬಂದಾಗ ಅದನ್ನು ಮಾರಿ, ಪತ್ರಿಕೆಯ ಪುಟದಗಲ ಜಾಹೀರಾತು ನೋಡಿ, ಇನ್ನೊಂದನ್ನು ಕೊಂಡೆ. ಅದರ ಹೆಸರನ್ನೂ ಹೇಳುವುದಿಲ್ಲ. ಜೋಗಿಮಟ್ಟಿಯನ್ನು ಅದು ಹಕ್ಕಿಯಂತೆ ಹತ್ತಿತು. ಕೆಲವೇ ವರ್ಷಗಳಲ್ಲಿ ಮಾರಾಟಗಾರರ ಮಳಿಗೆ ಮುಚ್ಚಿತು. ಒಂದು ಸಣ್ಣ ಸೆನ್ಸರಿಗಾಗಿ ನಾಲ್ಕು ತಿಂಗಳು ಷೆಡ್ಡಿನಲ್ಲಿ ನಿಂತ ಅದನ್ನು ಕೊನೆಗೆ ಗುಜರಿಯವನಿಗೆ ಕೊಟ್ಟೆ. ಎಂಜಿನ್ನಿಗೆ ಏನೂ ಆಗಿರಲಿಲ್ಲ.

ಇದು ನನ್ನೊಬ್ಬನ ಅನುಭವವಾಗಿರಲಾರದು. ಪೂಜೋ ಈ ದೇಶಕ್ಕೆ ತೊಂಬತ್ತರ ದಶಕದಲ್ಲಿ ಬಂದು ಅದೇ ದಶಕದಲ್ಲಿ ಹೊರಟುಹೋಯಿತು. ಡೇವೂ ತನ್ನ ತಾಯ್ನಾಡಿನಲ್ಲೇ ಕುಸಿಯಿತು. ಜನರಲ್ ಮೋಟರ್ಸ್ 2017ರ ಕೊನೆಗೆ ಇಲ್ಲಿನ ಮಾರಾಟ ನಿಲ್ಲಿಸಿತು. ಫೋರ್ಡ್ 2021ರಲ್ಲಿ ಭಾರತದಲ್ಲಿ ಕಾರು ತಯಾರಿಕೆಗೆ ಕೊನೆ ಹಾಡುವುದಾಗಿ ಪ್ರಕಟಿಸಿತು. ಇವುಗಳ ಕಾರುಗಳೆಲ್ಲ ಕಳಪೆಯಾಗಿದ್ದವು ಎಂದು ಯಾರೂ ಹೇಳಲಾರರು. ಕಾರು ಗಟ್ಟಿಯಾಗಿದ್ದು ಕಂಪನಿ ಗಟ್ಟಿಯಾಗಿರದಿದ್ದರೆ ಪರದಾಡುವವನು ಗ್ರಾಹಕ.

ಹಾಗಾದರೆ ‘ವಿಶ್ವಾಸಾರ್ಹ ಬ್ರ್ಯಾಂಡ್’ ಎಂದು ನಾವು ದಿನವೂ ಆಡುವ ಮಾತಿನ ಅರ್ಥವೇನು? ಅಮೆರಿಕದ ಜೆ.ಡಿ. ಪವರ್ ಸಂಸ್ಥೆ ಪ್ರತಿ ವರ್ಷ ಪ್ರಕಟಿಸುವ ಬಾಳಿಕೆಯ ಸಮೀಕ್ಷೆಯನ್ನು ಕಾರುಪ್ರಿಯರು ವೇದವಾಕ್ಯದಂತೆ ಉದ್ಧರಿಸುತ್ತಾರೆ. ನೂರು ಕಾರುಗಳಿಗೆ ಎಷ್ಟು ದೂರುಗಳು ಎಂಬುದು ಅದರ ಅಳತೆಗೋಲು. ಆದರೆ ಅದು ಮಾತನಾಡಿಸುವುದು ಮೂರು ವರ್ಷ ಹಳೆಯ ಕಾರುಗಳ ಮಾಲೀಕರನ್ನು. ಮೂರು ವರ್ಷ! ನಮ್ಮ ಕಡೆ ಅಷ್ಟರಲ್ಲಿ ಸೀಟಿನ ಪ್ಲಾಸ್ಟಿಕ್ ಹೊದಿಕೆಯನ್ನೇ ತೆಗೆದಿರುವುದಿಲ್ಲ. ಭಾರತದ ಮಟ್ಟಿಗೆ ಹೇಳುವುದಾದರೆ, ದೋಷವಿರುವ ಕಾರುಗಳನ್ನು ತಯಾರಕರು ತಾವಾಗಿ ಹಿಂದಕ್ಕೆ ಕರೆಸಿಕೊಳ್ಳುವ ಸಂಹಿತೆಯೊಂದು ಉದ್ಯಮದೊಳಗೆ ರೂಪುಗೊಂಡಿದ್ದೇ 2012ರಲ್ಲಿ. ಸರಕಾರವೇ ಅದನ್ನು ಆದೇಶಿಸುವ ಅಧಿಕಾರ ಬಂದದ್ದು 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯಿಂದ. ಅಲ್ಲಿಯವರೆಗೆ ನಮ್ಮ ಮಧ್ಯಮವರ್ಗಕ್ಕಿದ್ದ ಸಮೀಕ್ಷೆ ಎಂದರೆ ಭಾವನ ಮಾತು, ಪಕ್ಕದ ಮನೆಯವರ ಗೊಣಗು, ಮೆಕ್ಯಾನಿಕ್ಕಿನ ಮುಖಭಾವ.

ಸ್ಪೋರ್ಟ್ಸ್ ಕಾರಿನ ಆಸೆಯನ್ನು ನಾನು ಹೀಗಳೆಯಲಾರೆ. ಅದು ಸಾಫ್ಟ್‌ವೇರ್ ಸಂಬಳದೊಂದಿಗೆ ಹುಟ್ಟಿದ್ದೇನಲ್ಲ. ಬೆಂಗಳೂರಿನ ಸಿಪಾನಿಯವರು ಎಂಬತ್ತರ ದಶಕದಲ್ಲಿ ಡಾಲ್ಫಿನ್ ಎಂಬ ಫೈಬರ್ ಗ್ಲಾಸ್ ಮೈಯ ಪುಟ್ಟ ಕಾರನ್ನು ತಯಾರಿಸಿದರು. ಬ್ರಿಟನ್ನಿನ ರಿಲಯಂಟ್ ಕಿಟನ್ ಅದರ ಮೂಲ. ಮನೆವಾರ್ತೆಗೆ ಅದನ್ನು ನೆಚ್ಚಿದವರು ಕಡಿಮೆ. ಆದರೆ ಹಗುರವಾದ ಆ ಕಾರನ್ನು ರ್‍ಯಾಲಿಯ ಹುಡುಗರು ಮೆಚ್ಚಿದ್ದರು. ತೊಂಬತ್ತರ ದಶಕದ ಕೊನೆಗೆ ಸ್ಯಾನ್ ಸ್ಟಾರ್ಮ್ ಎಂಬ, ಇಬ್ಬರೇ ಕೂರುವ, ಚಾವಣಿ ತೆರೆದ ಕಾರು ನಮ್ಮ ದೇಶದಲ್ಲೇ ತಯಾರಾಯಿತು. ಅದಕ್ಕೆ ರೆನೋ ಕಂಪನಿಯ ಸಣ್ಣ ಎಂಜಿನ್. ಅದನ್ನು ಕೊಂಡವರು ಬೆರಳೆಣಿಕೆಯಷ್ಟು, ಕತ್ತು ತಿರುಗಿಸಿ ನೋಡಿದವರು ಲೆಕ್ಕವಿಲ್ಲದಷ್ಟು. ಯೌವನದಲ್ಲಿ ನಾನೂ ಹಾಗೆ ನೋಡಿದವನೇ. ಆದ್ದರಿಂದ ಅಳಿಯನು ತಿಂಗಳ ಕಂತು, ವಿಮೆ, ಇಪ್ಪತ್ತು ಲಕ್ಷ ಮೀರಿದ ಕಾರಿಗೆ ಕರ್ನಾಟಕ ಸರಕಾರ ಹಾಕುವ ಶೇ 18ರ ಜೀವಿತಾವಧಿ ತೆರಿಗೆ ಇವುಗಳನ್ನೆಲ್ಲ ವಿವರಿಸಿ, ‘ಆದ್ರೂ ಒಂದ್ಸಲ ಓಡಿಸಿ ನೋಡಿ ಮಾವ’ ಎಂದಾಗ ಇಲ್ಲವೆನ್ನಲಿಲ್ಲ. ಹೆದ್ದಾರಿಯಲ್ಲಿ ಹಿರಿಯೂರಿನ ಕಡೆಗೆ ಹತ್ತು ನಿಮಿಷ ಓಡಿಸಿದೆ. ಪಾದ ತುಸು ಒತ್ತಿದರೆ ಬೆನ್ನು ಸೀಟಿಗೆ ಅಂಟುತ್ತಿತ್ತು. ಅರವತ್ತರ ಹತ್ತಿರದವನು ನಾಚಿಕೆಯಿಲ್ಲದೆ ನಕ್ಕೆ.

ಮರುದಿನ ಬೆಳಿಗ್ಗೆ ಜೋಗಿಮಟ್ಟಿಗೆ ಹೊರಟೆವು. ಕಾಡಿನ ರಸ್ತೆಯನ್ನು ಮುಟ್ಟಲೇ ಇಲ್ಲ. ಊರಂಚಿನ ಒಂದು ರಸ್ತೆ ಉಬ್ಬಿನ ಮೇಲೆ ಕಾರಿನ ಹೊಟ್ಟೆ ಕರಕರ ಸದ್ದು ಮಾಡಿತು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾನದಂಡದಂತೆ ಉಬ್ಬು 3.7 ಮೀಟರ್ ಅಗಲವಾಗಿ, ಮಧ್ಯದಲ್ಲಿ 10 ಸೆಂಟಿಮೀಟರ್ ಮಾತ್ರ ಎತ್ತರವಿರಬೇಕು. ನಮ್ಮ ಕಡೆ ಉಬ್ಬು ಕಟ್ಟುವುದು ಅಪಘಾತವಾದ ಮರುದಿನ, ಊರವರ ಸಿಟ್ಟಿನ ಅಳತೆಯಲ್ಲಿ. ನೂರು ಗಜ ಹೋಗುವಷ್ಟರಲ್ಲಿ ಮುಂದಿನ ಪರದೆಯ ಮೇಲೆ ಕೆಂಪು ಅಕ್ಷರ ಮೂಡಿತು: ವಾಹನವನ್ನು ಕೂಡಲೇ ನಿಲ್ಲಿಸಿ.

ನಮ್ಮ ಮೆಕ್ಯಾನಿಕ್ ಸಾಬರು ಬಂದರು. ನಲವತ್ತು ವರ್ಷದಿಂದ ಪದ್ಮಿನಿಯನ್ನು ನೋಡಿಕೊಂಡು ಬಂದವರು. ರಸ್ತೆಯ ಮೇಲೆ ಗೋಣಿಚೀಲ ಹಾಸಿ ಮಲಗಿ, ಟಾರ್ಚ್ ಬಿಟ್ಟು ನೋಡಿ, ಎದ್ದು ಕೈ ಒರೆಸಿಕೊಂಡರು. ‘ಕೆಳಗಡೆ ಪೂರಾ ಪ್ಲಾಸ್ಟಿಕ್ ಮುಚ್ಚಿದಾರೆ ಸ್ವಾಮಿ. ಬಿಚ್ಚೋದು ದೊಡ್ಡ ಮಾತಲ್ಲ. ಬಿಚ್ಚಿದ್ಮೇಲೆ ಕಂಪ್ಯೂಟರ್‌ಗೆ ಯಾರು ಹೇಳ್ತಾರೆ, ಸರಿಯಾಯ್ತು ಅಂತ?’ ಈ ಮಾತಿನಲ್ಲಿ ಸೋಲಿನ ಸಂಕಟವಿರಲಿಲ್ಲ. ವಿಷಯವನ್ನು ಇದ್ದಂತೆ ಹೇಳಿದ್ದರು. ಅಧಿಕೃತ ಸೇವಾ ಕೇಂದ್ರ ಇದ್ದದ್ದು ಇನ್ನೂರು ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿ. ಕಾರು ಹೊರುವ ಲಾರಿ ಬರುವುದು ಮರುದಿನ. ಅಳಿಯ ಪೆಚ್ಚಾಗಿದ್ದ. ಆದರೂ ಅವನು ಹೇಳಿದ್ದು ಸುಳ್ಳಲ್ಲ. ಸಮೀಕ್ಷೆಗಳಲ್ಲಿ ಆ ಬ್ರ್ಯಾಂಡ್ ಮುಂಚೂಣಿಯಲ್ಲೇ ಇದೆ. ಉಬ್ಬಿಗೆ ತಾಗಿದ್ದು ಕಾರಿನ ತಪ್ಪೂ ಅಲ್ಲ. ಬೆಂಗಳೂರಿನಲ್ಲಿ ಅದು ಅತ್ಯಂತ ನಂಬಿಕಸ್ಥ ವಾಹನ, ಚಿತ್ರದುರ್ಗದಲ್ಲಿ ಅಲ್ಲ, ಅಷ್ಟೇ. ನಂಬಿಕೆಯನ್ನು ಕಾರಿನೊಳಗೆ ತುಂಬಿ ಕಳುಹಿಸಿರುತ್ತಾರೆಂದು ನಾವು ತಿಳಿಯುತ್ತೇವೆ. ಅದರ ಅರ್ಧ ಭಾಗ ಹೊರಗೆ, ರಸ್ತೆ, ಬಿಡಿಭಾಗ ಮತ್ತು ಗೋಣಿಚೀಲ ಹಾಸುವ ಮನುಷ್ಯನಲ್ಲಿ ಇರುತ್ತದೆ. ಅಜ್ಜ ಮೇಸ್ತ್ರಿಯ ಹೆಸರು ಹೇಳುತ್ತಿದ್ದುದು ಇದಕ್ಕೇ ಇರಬೇಕು.

ಹೊರಟವರು ಹಿಂದಿರುಗಬಾರದೆಂದು ತಂದೆ ಹಠ ಹಿಡಿದರು. ಪದ್ಮಿನಿಯಲ್ಲೇ ಹತ್ತಿದೆವು. ನಾನು ಓಡಿಸಿದೆ, ತಂದೆ ಪಕ್ಕದಲ್ಲಿ, ಹಿಂದೆ ಅಳಿಯ ಮತ್ತು ನನ್ನ ತಂಗಿ. ಪ್ರತಿ ತಿರುವಿಗೂ ಅರ್ಧ ಫರ್ಲಾಂಗ್ ಮೊದಲೇ ‘ಸೆಕೆಂಡಿಗೆ ಹಾಕು’ ಎಂಬ ಅಪ್ಪಣೆ. ಸೈಕಲ್ಲಿನವನೊಬ್ಬ ನಮ್ಮನ್ನು ಹಿಂದೆ ಹಾಕದಿದ್ದುದು ಏರಿನ ಪುಣ್ಯ. ಮೇಲೆ ಮುಟ್ಟಿದಾಗ ಮಳೆ ನಿಂತು ಮಂಜು ಸರಿಯುತ್ತಿತ್ತು. ದಿಗಂತದುದ್ದಕ್ಕೂ ಗಾಳಿಯಂತ್ರಗಳು ನಿಧಾನವಾಗಿ ತಿರುಗುತ್ತಿದ್ದವು. ತಂದೆ ಇಳಿಯಲಿಲ್ಲ. ಗಾಜು ಇಳಿಸಿ ಕುಳಿತೇ ನೋಡಿದರು.

ಇಳಿಯುವಾಗ ತಂಗಿ ವಿಷಯ ತೆಗೆದಳು. ನವೆಂಬರಿನಲ್ಲಿ ಪದ್ಮಿನಿಯ ನೋಂದಣಿ ಮುಗಿಯಲಿತ್ತು. ಹದಿನೈದು ವರ್ಷದ ಮೇಲೆ ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. ಹಿಂದೆ 600 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲಿನಿಂದ 5,000 ಆಯಿತು. 2025ರ ಆಗಸ್ಟಿನಲ್ಲಿ ಇಪ್ಪತ್ತು ವರ್ಷ ಮೀರಿದ ಕಾರುಗಳಿಗೆ ಕೇಂದ್ರ ಸರಕಾರ ಅದನ್ನು 10,000ಕ್ಕೆ ಏರಿಸಿತ್ತು. ಜತೆಗೆ ಹಸಿರು ತೆರಿಗೆ. ಪೆಟ್ರೋಲಿನಲ್ಲಿ ಈಗ ಶೇ 20ರಷ್ಟು ಎಥೆನಾಲ್. ಹಳೆಯ ಕಾರ್ಬುರೇಟರಿನ ರಬ್ಬರ್ ಭಾಗಗಳು ಅದಕ್ಕೆಂದು ಮಾಡಿದವಲ್ಲ. ‘ಯಾರಿಗಾಗಿ ಇಟ್ಟುಕೊಂಡಿರೋದು ಅಣ್ಣ?’ ಎಂದು ಅವಳು ಮೆಲ್ಲಗೆ ಕೇಳಿದಳು. ತಂದೆಗೆ ಕಿವಿ ಚೆನ್ನಾಗಿಯೇ ಕೇಳಿಸುತ್ತದೆ.

ಅವಳ ಮಾತಿನಲ್ಲಿ ನ್ಯಾಯವಿತ್ತು. ನಂಬಿಕೆ ಬೇರೆ, ಸುರಕ್ಷತೆ ಬೇರೆ. ಇಂದಿನ ಅಗ್ಗದ ಕಾರಿನಲ್ಲೂ ಇರುವ ಗಾಳಿಚೀಲ, ಜಾರದಂತೆ ತಡೆಯುವ ಬ್ರೇಕು ಪದ್ಮಿನಿಯಲ್ಲಿಲ್ಲ. ಆರು ಪಥದ ಹೆದ್ದಾರಿಯಲ್ಲಿ ಅದನ್ನು ಓಡಿಸುವುದು ನನ್ನ ಮಟ್ಟಿಗೆ ಹುಂಬತನ. ನಾನು ಊರ ಗಡಿ ದಾಟಿಸುವುದಿಲ್ಲ. ಮುಂಬಯಿಯ ರಸ್ತೆಗಳಿಂದ ಕೊನೆಯ ಪದ್ಮಿನಿ ಟ್ಯಾಕ್ಸಿ ಮರೆಯಾದದ್ದು 2023ರ ಅಕ್ಟೋಬರಿನಲ್ಲಿ. ಅಲ್ಲಿನವರು ಕಣ್ಣೀರಿಟ್ಟರೂ ಹೊಸ ಟ್ಯಾಕ್ಸಿಯಲ್ಲೇ ಮನೆಗೆ ಹೋದರು. ಇನ್ನು ಹತ್ತು ವರ್ಷ ಕಾದರೆ ನಮ್ಮ ಕಾರಿಗೆ ಐವತ್ತು ತುಂಬಿ, 2021ರ ನಿಯಮದಂತೆ ‘ವಿಂಟೇಜ್’ ಪದವಿ ದೊರೆಯಬಹುದು. ತಮಾಷೆಯೆಂದರೆ ಆ ಪದವಿ ಪಡೆದ ಕಾರನ್ನು ದಿನನಿತ್ಯ ಓಡಿಸುವಂತಿಲ್ಲ. ಪ್ರದರ್ಶನಕ್ಕೆ ಒಯ್ಯಬಹುದು, ತರಕಾರಿ ತರಲು ಒಯ್ಯಬಾರದು. ಈ ನಿಯಮವನ್ನು ವಿವರಿಸಿದಾಗ ತಂದೆ, ‘ನನಗೂ ಹಾಗೇ ಮಾಡಿದ್ದೀರಲ್ಲ’ ಎಂದರು. ಯಾರೂ ಮಾತನಾಡಲಿಲ್ಲ.

ಮರುದಿನ ಮಧ್ಯಾಹ್ನ ಲಾರಿ ಬಂತು. ಕೆಂಪು ಕಾರನ್ನು ಮಗುವಿನಂತೆ ಪಟ್ಟಿ ಬಿಗಿದು ಮಲಗಿಸಿ ಕರೆದೊಯ್ದರು. ಅಳಿಯ ರೈಲಿನ ಟಿಕೆಟ್ ಸಿಗದೆ ಬಸ್ ನಿಲ್ದಾಣಕ್ಕೆ ಹೊರಟ. ನಿಲ್ದಾಣದವರೆಗೆ ಅವನನ್ನು ಬಿಟ್ಟು ಬಂದದ್ದು ಪದ್ಮಿನಿಯಲ್ಲೇ. ಇಳಿಯುವ ಮುನ್ನ ಅವನು ಸ್ಟಿಯರಿಂಗಿನ ಬುಡದ ಗೇರನ್ನು ಒಮ್ಮೆ ಅಲುಗಾಡಿಸಿ ನೋಡಿ, ‘ಇದನ್ನ ಕಲಿಯೋಕೆ ಎಷ್ಟು ದಿನ ಬೇಕು ಮಾವ?’ ಎಂದ. ಸಂಜೆ ಸಾಬರು ಬಂದರು. ತಪಾಸಣೆಗೆ ಒಯ್ಯುವ ಮೊದಲು ಬ್ರೇಕ್ ಲೈನಿಂಗ್ ಬದಲಿಸಲೇಬೇಕು, ದಾವಣಗೆರೆಯಲ್ಲಿ ಒಬ್ಬರ ಹತ್ತಿರ ಒಂದು ಜೊತೆ ಇದೆಯಂತೆ ಎಂದರು. ತಂದೆ ಒಳಗಿನಿಂದಲೇ ಕೂಗಿ ಕೇಳಿದರು: ‘ಅಸಲಿಯಾ, ಡೂಪ್ಲಿಕೇಟಾ?’