ಜೀವಕೋಶದ ಪೊರೆ ಮತ್ತು ಉಪ್ಪು-ಸಕ್ಕರೆಯ ನೀರು

ಮಗುವಿಗೆ ಬೆಳಗಿನಿಂದ ನೀರು ನೀರಾಗಿ ಭೇದಿಯಾಗುತ್ತಿದೆ. ಕುಡಿಸಿದ್ದೆಲ್ಲ ಹಾಗೆಯೇ ಹೊರಗೆ ಹೋಗುತ್ತಿದೆ. ಮನೆಯ ಹಿರಿಯರು, ‘ಹೊಟ್ಟೆಗೆ ಸ್ವಲ್ಪ ವಿಶ್ರಾಂತಿ ಕೊಡಿ, ಏನೂ ಕುಡಿಸಬೇಡಿ’ ಎನ್ನುತ್ತಾರೆ. ಪಕ್ಕದ ಮನೆಯವರು, ‘ಒಂದು ಪೊಟ್ಟಣ ಓ.ಆರ್.ಎಸ್. ತಂದು ಕುಡಿಸಿ’ ಎನ್ನುತ್ತಾರೆ. ಬರೀ ನೀರೇ ನಿಲ್ಲದ ಹೊಟ್ಟೆಯಲ್ಲಿ ಉಪ್ಪು-ಸಕ್ಕರೆ ಬೆರೆಸಿದ ನೀರು ನಿಲ್ಲುವುದು ಹೇಗೆ? ತಾಯಿಗೆ ಈ ಅನುಮಾನ ಬರುವುದು ಸಹಜ. ಇದಕ್ಕೆ ಉತ್ತರ ಕರುಳಿನ ಜೀವಕೋಶಗಳ ಹೊರಪೊರೆಯಲ್ಲಿದೆ. ಆ ಪೊರೆಯ ಸ್ವಭಾವವನ್ನು ಸ್ವಲ್ಪ ತಿಳಿದುಕೊಂಡರೆ, ಭೇದಿಯಾದಾಗ ಏನು ಕೊಡಬೇಕು, ಏನು ಕೊಡಬಾರದು ಎಂಬುದು ನಿಮಗೇ ಹೊಳೆಯುತ್ತದೆ.

ಎರಡು ಸಾಲಿನ ಪೊರೆ

ನಮ್ಮ ದೇಹದ ಪ್ರತಿಯೊಂದು ಜೀವಕೋಶದ ಸುತ್ತಲೂ ಅತಿ ತೆಳುವಾದ ಒಂದು ಪೊರೆ ಇದೆ. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಭಾಗ ಮಾಡಿದರೆ, ಅದರಲ್ಲಿ 7ರಿಂದ 10 ಭಾಗದಷ್ಟು ಮಾತ್ರ ಇದರ ದಪ್ಪ. ಇದು ಮುಖ್ಯವಾಗಿ ಕೊಬ್ಬಿನ ಜಾತಿಗೆ ಸೇರಿದ ಅಣುಗಳಿಂದ ಆಗಿದೆ. ಈ ಅಣುಗಳಿಗೆ ಒಂದು ವಿಶೇಷ ಗುಣವಿದೆ. ಅವುಗಳ ತಲೆಗೆ ನೀರೆಂದರೆ ಇಷ್ಟ, ಬಾಲಕ್ಕೆ ನೀರೆಂದರೆ ಆಗದು. ಆದ್ದರಿಂದ ಅವು ಬಾಲಗಳನ್ನು ಒಳಕ್ಕೆ ಸೇರಿಸಿಕೊಂಡು, ತಲೆಗಳನ್ನು ಹೊರಕ್ಕೆ ಮಾಡಿ, ಎರಡು ಸಾಲಾಗಿ ನಿಲ್ಲುತ್ತವೆ. 1925ರಲ್ಲಿ ಹಾಲೆಂಡಿನ ಗೋರ್ಟರ್ ಮತ್ತು ಗ್ರೆಂಡೆಲ್ ಎಂಬ ವಿಜ್ಞಾನಿಗಳು ಕೆಂಪು ರಕ್ತಕಣಗಳ ಕೊಬ್ಬನ್ನು ತೆಗೆದು ನೀರಿನ ಮೇಲೆ ಹರಡಿ ಅಳೆದರು. ಅದು ರಕ್ತಕಣಗಳ ಮೈಯಳತೆಯ ಸುಮಾರು ಎರಡರಷ್ಟು ಜಾಗವನ್ನು ಆವರಿಸಿತು. ಪೊರೆಯಲ್ಲಿ ಎರಡು ಸಾಲುಗಳಿವೆ ಎಂಬ ಸುಳಿವು ಸಿಕ್ಕಿದ್ದು ಹೀಗೆ.

ಈ ಪೊರೆ ಪ್ಲಾಸ್ಟಿಕ್ ಹಾಳೆಯಂತೆ ಬಿಗಿಯಾದುದಲ್ಲ. ಬಿಸಿ ಸಾರಿನ ಮೇಲೆ ತೇಲುವ ತುಪ್ಪದ ಪದರದಂತೆ ಸದಾ ಅಲುಗಾಡುತ್ತಿರುತ್ತದೆ. ಸಣ್ಣ ತೂತು ಬಿದ್ದರೆ ತಾನೇ ಕೂಡಿಕೊಳ್ಳುತ್ತದೆ. ನಾವು ಹೆದರುವ ಕೊಲೆಸ್ಟರಾಲ್ ಕೂಡ ಇಲ್ಲಿ ಬೇಕೇ ಬೇಕು. ಪೊರೆ ತೀರಾ ಗಡುಸಾಗದಂತೆ, ತೀರಾ ಸಡಿಲವಾಗದಂತೆ ಅದು ನೋಡಿಕೊಳ್ಳುತ್ತದೆ. ಈ ಪದರದ ನಡುನಡುವೆ ಪ್ರೊಟೀನುಗಳು ಹುದುಗಿಕೊಂಡಿವೆ. ಇಂಥ ಚಿತ್ರವನ್ನು 1972ರಲ್ಲಿ ಸಿಂಗರ್ ಮತ್ತು ನಿಕೋಲ್ಸನ್ ಎಂಬವರು ಮುಂದಿಟ್ಟರು. ಅನಂತರ ಎಷ್ಟೋ ವಿವರಗಳು ಸೇರಿದ್ದರೂ ಅದರ ತಿರುಳು ಇಂದಿಗೂ ಉಳಿದಿದೆ.

ಅಡುಗೆಮನೆಯಲ್ಲೇ ನೋಡಿ

ಪೊರೆ ಇದೆ ಎಂಬುದನ್ನು ನೋಡಲು ಪ್ರಯೋಗಶಾಲೆಯೇ ಬೇಕಿಲ್ಲ. ಬೀಟ್‌ರೂಟಿನ ಎರಡು ಹೋಳುಗಳನ್ನು ಚೆನ್ನಾಗಿ ತೊಳೆದು, ಒಂದನ್ನು ತಣ್ಣೀರಿನಲ್ಲೂ ಇನ್ನೊಂದನ್ನು ಕುದಿಯುವ ನೀರಿನಲ್ಲೂ ಹಾಕಿ. ತಣ್ಣೀರು ಬಹುಮಟ್ಟಿಗೆ ತಿಳಿಯಾಗಿಯೇ ಇರುತ್ತದೆ. ಬಿಸಿನೀರು ಸ್ವಲ್ಪ ಹೊತ್ತಿನಲ್ಲೇ ಕೆಂಪಾಗುತ್ತದೆ. ಶಾಖಕ್ಕೆ ಪೊರೆಗಳು ಹಾಳಾಗಿ ಒಳಗಿದ್ದ ಬಣ್ಣ ಹೊರಗೆ ಬಂದುದೇ ಇದಕ್ಕೆ ಕಾರಣ.

ಇನ್ನೊಂದು ಉದಾಹರಣೆ ಉಪ್ಪಿನಕಾಯಿ. ಮಾವಿನ ಹೋಳಿಗೆ ಉಪ್ಪು ಬೆರೆಸಿಟ್ಟರೆ ಮರುದಿನ ಜಾಡಿಯಲ್ಲಿ ನೀರು ನಿಂತಿರುತ್ತದೆ. ನೀವು ಒಂದು ತೊಟ್ಟು ನೀರನ್ನೂ ಹಾಕಿರುವುದಿಲ್ಲ. ಉಪ್ಪು ಎಲ್ಲಿ ಹೆಚ್ಚಾಗಿದೆಯೋ ಅತ್ತ ಕಡೆಗೆ ನೀರು ಪೊರೆಯನ್ನು ದಾಟಿ ಹರಿಯುತ್ತದೆ. ಸಕ್ಕರೆಯದೂ ಇದೇ ಗುಣ. ಈ ಒಂದು ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಬಾಗಿಲುಗಳು

ಪೊರೆಯ ನಡುವೆ ಇರುವುದು ಎಣ್ಣೆಯಂಥ ಪದರವಾದ್ದರಿಂದ ಉಪ್ಪು, ಸಕ್ಕರೆಗಳು ತಾವಾಗಿ ಅದನ್ನು ದಾಟಲಾರವು. ಅವುಗಳಿಗೆ ಪ್ರೊಟೀನಿನ ಬಾಗಿಲುಗಳು ಬೇಕು. ಪ್ರತಿ ಪದಾರ್ಥಕ್ಕೂ ತಕ್ಕ ಬಾಗಿಲು ಇದೆ. ಸಣ್ಣ ಕರುಳಿನ ಒಳಮೈಯ ಜೀವಕೋಶಗಳಲ್ಲಿ ಒಂದು ವಿಚಿತ್ರ ಬಾಗಿಲು ಇದೆ. ಉಪ್ಪಿನಲ್ಲಿರುವ ಸೋಡಿಯಂ ಮತ್ತು ಗ್ಲೂಕೋಸ್ ಎರಡೂ ಜೊತೆಯಾಗಿ ಬಂದರೆ ಅದು ಇಬ್ಬರನ್ನೂ ಒಳಗೆ ಬಿಡುತ್ತದೆ. ಒಂದು ಗ್ಲೂಕೋಸ್ ಅಣುವಿನ ಜೊತೆಗೆ ಎರಡು ಸೋಡಿಯಂ ಕಣಗಳು ಒಳಗೆ ಹೋಗುತ್ತವೆ. ಇವು ಹೋದ ಕಡೆಗೆ ನೀರೂ ಹಿಂಬಾಲಿಸುತ್ತದೆ, ಉಪ್ಪಿನಕಾಯಿ ಜಾಡಿಯಲ್ಲಿ ಆದ ಹಾಗೆಯೇ. ಇಂಥ ಜೋಡಿ ಸಾಗಣೆ ಇರಬೇಕೆಂದು 1960ರಲ್ಲಿ ಪ್ರಾಗ್ ನಗರದ ಒಂದು ಸಭೆಯಲ್ಲಿ ರಾಬರ್ಟ್ ಕ್ರೇನ್ ಎಂಬ ವಿಜ್ಞಾನಿ ಪ್ರತಿಪಾದಿಸಿದರು.

ದೊಡ್ಡವರ ಸಣ್ಣ ಕರುಳಿಗೆ ದಿನಕ್ಕೆ ಸುಮಾರು 8ರಿಂದ 9 ಲೀಟರ್ ದ್ರವ ಬರುತ್ತದೆ. ಇದರಲ್ಲಿ ನಾವು ಕುಡಿದದ್ದು ಸುಮಾರು 2 ಲೀಟರ್ ಮಾತ್ರ. ಉಳಿದದ್ದು ಜೊಲ್ಲು, ಜಠರರಸ, ಪಿತ್ತ ಮುಂತಾದ ನಮ್ಮದೇ ರಸಗಳು. ಆರೋಗ್ಯವಂತರಲ್ಲಿ ಇದೆಲ್ಲವೂ ಮರಳಿ ರಕ್ತಕ್ಕೆ ಸೇರಿ, ಮಲದಲ್ಲಿ ಹೋಗುವುದು ಒಂದೆರಡು ನೂರು ಮಿಲಿಲೀಟರ್ ಅಷ್ಟೆ.

ಕಾಲರಾ ಬಂದಾಗ ಈ ಲೆಕ್ಕ ತಲೆಕೆಳಗಾಗುತ್ತದೆ. ಕಾಲರಾ ಕ್ರಿಮಿ ಒಂದು ವಿಷವನ್ನು ಉತ್ಪಾದಿಸುತ್ತದೆ ಎಂಬುದನ್ನು 1959ರಲ್ಲಿ ತೋರಿಸಿಕೊಟ್ಟವರು ಕಲ್ಕತ್ತೆಯ ಶಂಭುನಾಥ ಡೇ. ಈ ವಿಷ ಕರುಳಿನ ಪೊರೆಯಲ್ಲಿರುವ ಕ್ಲೋರೈಡಿನ ಬಾಗಿಲನ್ನು ಮುಚ್ಚದಂತೆ ತೆರೆದಿಡುತ್ತದೆ. ಉಪ್ಪಿನಂಶ ಹೊರಗೆ ಹರಿಯುತ್ತದೆ, ಅದರ ಹಿಂದೆ ನೀರು ಹರಿಯುತ್ತದೆ. ತೀವ್ರ ಕಾಲರಾದಲ್ಲಿ ಗಂಟೆಗೆ ಒಂದು ಲೀಟರಿನಷ್ಟು ನೀರು ಹೋಗಬಹುದು. ಆದರೆ ಸೋಡಿಯಂ-ಗ್ಲೂಕೋಸ್ ಜೋಡಿ ಬಾಗಿಲು ಮಾತ್ರ ಕೆಟ್ಟಿರುವುದಿಲ್ಲ! ಬರೀ ನೀರು ಕೊಟ್ಟರೆ ಅದು ಸರಿಯಾಗಿ ಒಳಸೇರದು, ಹೋದ ಲವಣವೂ ಮರಳಿ ಸಿಗದು. ಉಪ್ಪು ಮತ್ತು ಗ್ಲೂಕೋಸ್ ಎರಡನ್ನೂ ಸರಿಯಾದ ಅಳತೆಯಲ್ಲಿ ಕೊಟ್ಟರೆ ನೀರು ಒಳಸೇರುತ್ತದೆ. ಓ.ಆರ್.ಎಸ್.ನ ಗುಟ್ಟು ಇಷ್ಟೇ. ಇತರ ಭೇದಿಗಳಲ್ಲೂ ಈ ಬಾಗಿಲು ಬಹುಮಟ್ಟಿಗೆ ಕೆಲಸ ಮಾಡುತ್ತಲೇ ಇರುತ್ತದೆ.

1971ರಲ್ಲಿ ಬಾಂಗ್ಲಾದೇಶದ ಯುದ್ಧಕಾಲದಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ಆಸ್ಪತ್ರೆಯಲ್ಲಿ ನಿರಾಶ್ರಿತರು ಕಾಲರಾದಿಂದ ನೆಲದ ಮೇಲೆ ಮಲಗಿದ್ದರು. ರಕ್ತನಾಳಕ್ಕೆ ಕೊಡುವ ಸಲೈನ್ ಮುಗಿಯುತ್ತಾ ಬಂದಿತ್ತು. ಮಕ್ಕಳ ವೈದ್ಯರಾದ ದಿಲೀಪ್ ಮಹಾಲನಬಿಸ್ ಅವರು ಉಪ್ಪು, ಅಡುಗೆ ಸೋಡ, ಗ್ಲೂಕೋಸ್ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ಶೇಕಡಾ 30ರಷ್ಟಿದ್ದ ಸಾವು ಶೇಕಡಾ 4ಕ್ಕಿಂತ ಕೆಳಗಿಳಿಯಿತು. ಅವರು 2022ರಲ್ಲಿ ತೀರಿಕೊಂಡರು. 2023ರಲ್ಲಿ ಅವರಿಗೆ ಮರಣೋತ್ತರವಾಗಿ ಪದ್ಮವಿಭೂಷಣ ಘೋಷಿಸಲಾಯಿತು.

ನೀವು ಮಾಡಬೇಕಾದದ್ದು

ವಿಶ್ವ ಆರೋಗ್ಯ ಸಂಸ್ಥೆ 2002ರಲ್ಲಿ ಗೊತ್ತುಪಡಿಸಿದ ಸೂತ್ರದಂತೆ ಒಂದು ಲೀಟರಿಗೆ ಅಡುಗೆ ಉಪ್ಪು 2.6 ಗ್ರಾಂ, ಗ್ಲೂಕೋಸ್ 13.5 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 1.5 ಗ್ರಾಂ, ಟ್ರೈಸೋಡಿಯಂ ಸಿಟ್ರೇಟ್ 2.9 ಗ್ರಾಂ ಇರಬೇಕು. ಕೊಳ್ಳುವಾಗ ಪೊಟ್ಟಣದ ಮೇಲೆ ಈ ವಿವರ ನೋಡಿ. ಒಂದು ಲೀಟರಿನ ಪೊಟ್ಟಣವೂ ಇದೆ, 200 ಮಿಲಿಲೀಟರಿನ ಪೊಟ್ಟಣವೂ ಇದೆ. ಯಾವುದೆಂದು ಓದಿಯೇ ಕರಗಿಸಿ. ದೊಡ್ಡ ಪೊಟ್ಟಣವನ್ನು ಒಂದು ಲೋಟ ನೀರಿಗೆ ಸುರಿದರೆ ಉಪ್ಪು ಅತಿಯಾಗಿ ಮಗುವಿಗೆ ಅಪಾಯ. ಕುದಿಸಿ ಆರಿಸಿದ ನೀರು ಉತ್ತಮ. ಕಲಸಿಟ್ಟದ್ದನ್ನು 24 ಗಂಟೆಯ ಅನಂತರ ಚೆಲ್ಲಿಬಿಡಿ.

ಪೊಟ್ಟಣ ಸಿಗದಿದ್ದರೆ, ಸಿಗುವವರೆಗೆ, ಒಂದು ಲೀಟರ್ ನೀರಿಗೆ ಅರ್ಧ ಟೀ ಚಮಚ ಉಪ್ಪು, ಆರು ಟೀ ಚಮಚ ಸಕ್ಕರೆ ಹಾಕಿ ಕರಗಿಸಿ. ಚಮಚ ಗೋಪುರದಂತೆ ತುಂಬಿರಬಾರದು, ಸಮಮಟ್ಟವಾಗಿರಬೇಕು. ರುಚಿ ಕಣ್ಣೀರಿಗಿಂತ ಉಪ್ಪಾಗಿದ್ದರೆ ಕೊಡಬೇಡಿ. ಉಪ್ಪು ಬೆರೆಸಿದ ಅಕ್ಕಿ ಗಂಜಿ, ನೀರು ಮಜ್ಜಿಗೆಯನ್ನೂ ಕೊಡಬಹುದು. ಆದರೆ ಸೋಡ, ಕೋಲಾ, ಸಿಹಿಯಾದ ಹಣ್ಣಿನ ಪಾನೀಯಗಳು ಬೇಡ. ಹೆಚ್ಚಾದ ಸಕ್ಕರೆ ಉಪ್ಪಿನಕಾಯಿಯ ಉಪ್ಪಿನಂತೆಯೇ ವರ್ತಿಸಿ ದೇಹದ ನೀರನ್ನು ಕರುಳಿಗೆ ಎಳೆಯುತ್ತದೆ. ಭೇದಿ ಇನ್ನೂ ಹೆಚ್ಚುತ್ತದೆ.

ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಸಲ ಭೇದಿಯಾದ ಮೇಲೆ 50ರಿಂದ 100 ಮಿಲಿಲೀಟರ್, ಅದಕ್ಕಿಂತ ದೊಡ್ಡ ಮಕ್ಕಳಿಗೆ 100ರಿಂದ 200 ಮಿಲಿಲೀಟರ್ ಕೊಡಿ. ಒಮ್ಮೆಲೇ ಬೇಡ, ಚಮಚ ಚಮಚವಾಗಿ. ವಾಂತಿಯಾದರೆ ಹತ್ತು ನಿಮಿಷ ತಡೆದು ಮತ್ತೆ ನಿಧಾನವಾಗಿ ಆರಂಭಿಸಿ. ಎದೆಹಾಲನ್ನು ನಿಲ್ಲಿಸಬೇಡಿ, ಊಟವನ್ನೂ ತಪ್ಪಿಸಬೇಡಿ. ವೈದ್ಯರು ಸತುವಿನ ಮಾತ್ರೆ ಬರೆದುಕೊಟ್ಟರೆ ಭೇದಿ ನಿಂತರೂ ಹೇಳಿದಷ್ಟು ದಿನ ಪೂರ್ತಿ ಕೊಡಿ.

ಒಂದು ಎಚ್ಚರಿಕೆ: ಓ.ಆರ್.ಎಸ್. ಕೊಟ್ಟ ಕೂಡಲೇ ಭೇದಿ ನಿಲ್ಲುವುದಿಲ್ಲ. ‘ಕುಡಿಸಿದರೂ ನಿಲ್ಲಲಿಲ್ಲ’ ಎಂದು ಕೈಬಿಡುವವರೇ ಹೆಚ್ಚು. ಅದರ ಕೆಲಸ ಹೋದ ನೀರು, ಲವಣಗಳನ್ನು ತುಂಬಿಕೊಡುವುದು. ಮಗುವಿನ ಪ್ರಾಣ ಹೋಗುವುದು ಬಹುತೇಕ ಆ ನೀರು ಬತ್ತಿದಾಗಲೇ.

ಮಗು ಮಂಕಾಗಿದ್ದರೆ, ಕಣ್ಣು ಗುಳಿಬಿದ್ದಿದ್ದರೆ, ಹೊಟ್ಟೆಯ ಚರ್ಮವನ್ನು ಚಿವುಟಿ ಬಿಟ್ಟಾಗ ಮಡಿಕೆ ನಿಧಾನವಾಗಿ ಇಳಿದರೆ, ಮೂತ್ರ ಕಡಿಮೆಯಾದರೆ, ಮಲದಲ್ಲಿ ರಕ್ತ ಕಂಡರೆ, ಕುಡಿಯಲು ಶಕ್ತಿಯಿಲ್ಲದಿದ್ದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಕುಡಿಯಬಲ್ಲ ಮಗುವಿಗೆ ದಾರಿಯಲ್ಲೂ ಚಮಚದಿಂದ ಕುಡಿಸುತ್ತಲೇ ಇರಿ.

ಮನೆಯ ಹಿರಿಯರಿಗೆ ಈಗ ನೀವೇ ತಿಳಿಹೇಳಬಹುದು: ಭೇದಿಯಾಗುತ್ತಿರುವ ಹೊಟ್ಟೆಗೆ ಬೇಕಾದುದು ವಿಶ್ರಾಂತಿಯಲ್ಲ, ನೀರು. ಆ ನೀರು ಒಳಗೆ ಹೋಗುವ ಬಾಗಿಲು ತೆರೆದೇ ಇದೆ. ಅದಕ್ಕೆ ಉಪ್ಪು ಮತ್ತು ಸಕ್ಕರೆ ಜೊತೆಯಾಗಿ ಬರಬೇಕು, ಅಳತೆ ತಪ್ಪದೆ ಬರಬೇಕು. ಇಂದೇ ಎರಡು ಪೊಟ್ಟಣ ತಂದು ಮನೆಯಲ್ಲಿಟ್ಟುಕೊಳ್ಳಿ.